ರಜೆಯ ಓದಿಗೆ ದೊಡ್ಡ ಕಾದಂಬರಿಯೂ ಇರಲಿ

ಬೇಸಿಗೆ ರಜೆಯ ಓದಿಗೆಂದು ಕಾದಂಬರಿಗಳ ಪಟ್ಟಿ ಕೊಟ್ಟಿರುವ ಲೇಖನವೊಂದನ್ನು ಓದಿದೆ. ಅದರ ಲೇಖಕರು ಸೂಚಿಸಿರುವ ಕಾದಂಬರಿಗಳೆಲ್ಲ ಒಂದೆರಡು ದಿನಗಳಲ್ಲಿ ಮುಗಿಯುವಂಥವು. ರಜೆಯಲ್ಲಿ ಹಗುರವಾದುದನ್ನೇ ಓದಬೇಕೆಂಬ ಅವರ ಅಭಿಪ್ರಾಯವನ್ನು ನಾನು ಒಪ್ಪಲಾರೆ. ವರ್ಷದ ಉಳಿದ ದಿನಗಳಲ್ಲಿ ಕೈಗೆತ್ತಿಕೊಳ್ಳಲಾಗದ ದೊಡ್ಡ ಕಾದಂಬರಿಗೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳೇ ತಕ್ಕ ಸಮಯ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯನ್ನು ಮೈಸೂರಿನ ಬಿಸಿಲಿನಲ್ಲಿ ಕುಳಿತು ಓದುವುದೇ ಒಂದು ಸುಖ: ಕಾದಂಬರಿಯ ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಹಿಡಿದು ಹೊರಟನೆಂದರೆ, ಮಳೆ, ಕೆಸರು, ಇಂಬಳಗಳ ಆ ಲೋಕದಲ್ಲಿ ಓದುಗರೂ ಅವನ ಹಿಂದೆಯೇ ನಡೆಯುತ್ತಾರೆ. ಪಾತ್ರಗಳು ಬಹಳವಿರುವುದರಿಂದ ಮೊದಮೊದಲು ಹೆಸರುಗಳು ಕಲಸಿಹೋಗುವುದು ಸಹಜ. ಅಷ್ಟಕ್ಕೇ ಪುಸ್ತಕ ಮುಚ್ಚಿಡಬಾರದೆಂದು ಹೊಸ ಓದುಗರಲ್ಲಿ ನನ್ನ ವಿನಂತಿ.

ಗಾತ್ರದಲ್ಲಿ ಚಿಕ್ಕದೇ ಬೇಕೆನ್ನುವವರಿಗೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಇದೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿರುವ ಈ ಕೃತಿ ಕಷ್ಟವೆನ್ನುವವರು, ಜೋತಮ್ಮಂದಿರು, ಅಂದರೆ ಮನೆಮನೆಯ ದೀಪದ ಜ್ಯೋತಿಗಳು, ಸೇರಿ ಮಾತಾಡುವ ಭಾಗವನ್ನು ಮನೆಯವರೆದುರು ಗಟ್ಟಿಯಾಗಿ ಓದಿ ನೋಡಬೇಕು. ನಮ್ಮ ಮನೆಯಲ್ಲಿ ಹಾಗೆ ಓದಿದಾಗ, ಎಂದೂ ಪುಸ್ತಕ ಹಿಡಿಯದ ನಮ್ಮತ್ತೆಯವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತ ಕುಳಿತರು.

ಮೈಸೂರಿನಲ್ಲಿ ಬಾಳಿ ಬರೆದ ತ್ರಿವೇಣಿಯವರ ಹೆಸರೇ ಪಟ್ಟಿಯಲ್ಲಿ ಇಲ್ಲದಿರುವುದು ನನಗೆ ನೋವು ತಂದಿತು. ಬಾಣಂತಿಯಾದಾಗ ಮನಸ್ಸಿನ ಕಾಯಿಲೆಗೆ ತುತ್ತಾಗಿ, ಗುಣಮುಖಳಾಗಿ ಬಂದರೂ ಸುತ್ತಲಿನವರ ಸಂಶಯದಿಂದ ಪಾರಾಗಲಾರದ ಕಾವೇರಿಯ ಕಥೆ ‘ಶರಪಂಜರ’ವನ್ನು, ಚಲನಚಿತ್ರವನ್ನಷ್ಟೇ ನೋಡಿ ಬಲ್ಲೆವೆಂದುಕೊಂಡವರು ಈ ಬೇಸಿಗೆಯಲ್ಲಾದರೂ ಓದಬೇಕು.