ಎಷ್ಟು ಕೊಡುತ್ತೆ?

ಹೊಸ ಗಾಡಿ ತಂದವರನ್ನು ನಮ್ಮ ಕಡೆ ಯಾರೂ ಮೊದಲು ರೇಟ್ ಕೇಳುವುದಿಲ್ಲ. "ಎಷ್ಟು ಕೊಡುತ್ತೆ?" ಅಂತಲೇ ಕೇಳುವುದು. ಹಸು ತಂದವರಿಗೂ ಇದೇ ಪ್ರಶ್ನೆ. ಹಸುವಿಗಾದರೂ ಡೇರಿಯವರು ದಿನಾ ಅಳೆದು ಬರೆದು ಕೊಡುತ್ತಾರೆ. ಡೀಸೆಲ್ ಪಿಕಪ್‌ಗೆ ಆ ವ್ಯವಸ್ಥೆ ಇಲ್ಲ. ಅದಕ್ಕೇ ಅದು ಕೇಳಿದವರ ಮುಖ ನೋಡಿ ಮೈಲೇಜ್ ಕೊಡುತ್ತದೆ.

ನಮ್ಮ ಸೋದರಮಾವನ ಪಿಕಪ್ಪನ್ನೇ ತಗೊಳ್ಳಿ. ಹಾಸನದ ಹತ್ತಿರದ ಊರು. ಶುಂಠಿ ಸೀಸನ್ನಿನಲ್ಲಿ ಮಂಗಳೂರಿಗೆ ಶುಂಠಿ, ಅಲ್ಲಿಂದ ವಾಪಸ್ ಹೆಂಚು. ನೆಂಟರು ಬಂದು ಕೇಳಿದರೆ ಮಾವ ಹೇಳುವುದು 18. ಬಾಡಿಗೆ ಮಾತಾಡಲು ಬಂದ ವ್ಯಾಪಾರಿಗೆ 9. "ಎಲ್ಲಾ ಡೀಸೆಲ್‌ಗೇ ಹೋಗುತ್ತೆ ಸ್ವಾಮಿ, ನಂಗೇನು ಉಳಿಯುತ್ತೆ?" ಇನ್ನು ಡ್ರೈವರ್ ಮಾವನಿಗೆ ಒಪ್ಪಿಸುವ ಲೆಕ್ಕ 11. ಡೀಸೆಲ್ ದುಡ್ಡು ಡ್ರೈವರ್ ಕೈಗೇ ಕೊಟ್ಟು ಕಳಿಸುವುದರಿಂದ ಆ 11ರೊಳಗೆ ಟೀ, ಬನ್ಸು, ಬೀಡಿ ಎಲ್ಲ ಸೇರಿದೆ ಎನ್ನುವುದು ಮಾವನ ಅನುಮಾನ.

ಸರಿ, ನಿಜವಾದ ಮೈಲೇಜ್ ಎಷ್ಟು? ಓದಿದವನು ಅಂತ ಈ ಕೆಲಸ ನನ್ನ ಕೊರಳಿಗೆ ಬಿತ್ತು.

ವಿಧಾನ ಸುಲಭ. ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಬರೆದುಕೊಂಡು ಹೊರಡುವುದು. ತಲುಪಿದ ಮೇಲೆ ಮತ್ತೆ ಫುಲ್. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಮುಗೀತು. ತಕರಾರು ಬಂದಿದ್ದು ಫುಲ್ ಅಂದರೆ ಏನು ಅನ್ನುವ ವಿಷಯಕ್ಕೆ. ಡೀಸೆಲ್ ರಭಸದಿಂದ ಬಿದ್ದರೆ ನೊರೆ ಏಳುತ್ತದೆ. ನೊರೆ ಬಾಯಿಗೆ ಬಂದ ಕೂಡಲೇ ಬಂಕಿನ ಪೈಪು ಟಕ್ ಅಂತ ತಾನೇ ನಿಂತುಬಿಡುತ್ತದೆ. "ಅದು ಬರೀ ನೊರೆ ಕಣೋ ಅಳಿಯ, ಫುಲ್ ಅಲ್ಲ. ಗಾಡಿ ಅಲ್ಲಾಡಿಸಿ," ಅಂದರು ಮಾವ. ನಾನು, ಡ್ರೈವರ್ ಹಿಂದಿನಿಂದ ಕೈ ಕೊಟ್ಟು ಗಾಡಿ ಅಲ್ಲಾಡಿಸತೊಡಗಿದೆವು. ಹಿಂದೆ ಕ್ಯೂನಲ್ಲಿದ್ದ ಆಟೋದವರು ಪಾಪ, ಸ್ಟಾರ್ಟ್ ಆಗ್ತಿಲ್ಲ ಅಂದುಕೊಂಡರು. ಮೂರು ಜನ ಇಳಿದು ಬಂದು ತಳ್ಳಿಯೇಬಿಟ್ಟರು. ಗಾಡಿ ಹೊರಟಿತು. ಪೈಪ್ ಹಿಡಿದಿದ್ದ ಬಂಕಿನ ಹುಡುಗನೂ ಅದರ ಜೊತೆ ನಾಲ್ಕು ಹೆಜ್ಜೆ ನಡೆದ. ಐದನೇ ಹೆಜ್ಜೆಗೆ ಪೈಪು ಹೊರಗೆ ಬಂತು, ಮಾವನ ಬಿಳಿ ಪಂಚೆ ಮೊಣಕಾಲಿನವರೆಗೆ ಹಳದಿಯಾಯಿತು.

ಪಂಚೆ ಕುಡಿದ ಡೀಸೆಲ್ಲನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ಚರ್ಚೆ ಸಕಲೇಶಪುರದವರೆಗೂ ನಡೆಯಿತು. ಕ್ಯಾಬಿನ್ನಿನಲ್ಲಿ ಆ ವಾಸನೆ ಮಂಗಳೂರಿನವರೆಗೂ ಇತ್ತು.

ಹೋಗುವಾಗ ಬಂದಿದ್ದು 18! ಮಾವ ನೆಂಟರಿಗೆ ಸುಳ್ಳು ಹೇಳಿರಲಿಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಮಂಗಳೂರು ಸಮುದ್ರದ ಪಕ್ಕದಲ್ಲೇ. ಶಿರಾಡಿ ಘಾಟಿಯಲ್ಲಿ ಗಾಡಿ ಶುಂಠಿಯ ಭಾರಕ್ಕೇ ಇಳಿಯುತ್ತದೆ. ವಾಪಸ್ ಬರುವಾಗ ಹೆಂಚಿನ ಲೋಡು, ಅದೇ ಘಾಟಿ, ಎರಡನೇ ಗೇರು. ಬಂದಿದ್ದು 9. ವ್ಯಾಪಾರಿಗೂ ಸುಳ್ಳು ಹೇಳಿರಲಿಲ್ಲ! ಡೀಸೆಲ್ಲಿನ ಶಕ್ತಿಯಲ್ಲಿ ಚಕ್ರಕ್ಕೆ ಸಿಗುವುದು ಮೂರರಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದು ಬಿಸಿಯಾಗಿ ರೇಡಿಯೇಟರ್, ಸೈಲೆನ್ಸರ್ ಪಾಲು. ಹಾಗಾಗಿ ಮೂರು ಟನ್ ಗಾಡಿಯನ್ನು 900 ಮೀಟರ್ ಮೇಲಕ್ಕೆ ಎತ್ತಲಿಕ್ಕೇ ಎರಡು ಲೀಟರಿನ ಮೇಲೆ ಬೇಕು. ಮುಂದಕ್ಕೆ ಓಡಿಸುವ ಖರ್ಚು ಬೇರೆ.

"18, 9. ಕೂಡಿಸಿ ಅರ್ಧ ಮಾಡು. ಹದಿಮೂರೂವರೆ," ಅಂದರು ಮಾವ.

ಹಾಗಲ್ಲ ಮಾವ, ಅಂದೆ. ದಾರಿ 180 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹೋಗಲು 10 ಲೀಟರ್, ಬರಲು 20. ಒಟ್ಟು 360ಕ್ಕೆ 30 ಲೀಟರ್. ಅಂದರೆ 12. ಮಾವ ಬೆರಳಲ್ಲಿ ಎಣಿಸಿ ನೋಡಿದರು. ಆಮೇಲೆ ನಿಧಾನವಾಗಿ ಡ್ರೈವರ್ ಕಡೆ ತಿರುಗಿ, "ಹಾಗಾದ್ರೆ ಆ ಒಂದೂವರೆ ಎಲ್ಲಿ ಹೋಯ್ತೋ?" ಅಂದರು.

ಗಣಿತ ಮಾಡಿದ ತಪ್ಪಿಗೆ ಡ್ರೈವರ್ ಎರಡು ದಿನ ಮಾತು ಬಿಟ್ಟ. ಅವನದೂ ಒಂದು ಉಳಿತಾಯ ಶಾಸ್ತ್ರವಿದೆ. ಇಳಿಜಾರು ಬಂದರೆ ನ್ಯೂಟ್ರಲ್. "ದಂಡಕ್ಕೆ ಇಂಜಿನ್ ಯಾಕೆ ತಿರುಗ್ಬೇಕು ಸಾರ್?" ಡೀಸೆಲ್ಲನ್ನು ಕಂಪ್ಯೂಟರ್ ಅಳೆದು ಬಿಡುವ ಈಗಿನ ಕಾಮನ್‌ ರೇಲ್ ಇಂಜಿನ್ನಿನಲ್ಲಿ ವಿಷಯ ಉಲ್ಟಾ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಪೂರ್ತಿ ಬಂದ್ ಆಗುತ್ತದೆ. ಇಂಜಿನ್ನನ್ನು ಚಕ್ರಗಳೇ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೇ ಅದು ಆರದೇ ಇರಲು ಡೀಸೆಲ್ ಕುಡಿಯುವುದು. ಜೊತೆಗೆ ಇಡೀ ಭಾರ ಬ್ರೇಕಿನ ಮೇಲೆ. ಇಷ್ಟನ್ನೂ ಹೇಳಿದೆ. ಅವನು ಭಕ್ತಿಯಿಂದ ಕೇಳಿದ. ನಾನು ಕ್ಯಾಬಿನ್ನಿನಲ್ಲಿದ್ದರೆ ಈಗ ಗೇರಿನಲ್ಲೇ ಇಳಿಸುತ್ತಾನೆ. ನಾನಿಲ್ಲದಾಗ ಏನು ಮಾಡುತ್ತಾನೆ ಅಂತ ಗುಂಡ್ಯದ ಟೀ ಅಂಗಡಿಯವರು ಫೋನಿನಲ್ಲೇ ಹೇಳುತ್ತಾರೆ. ಹಾರನ್ನಿಗಿಂತ ಮೊದಲು ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತದಂತೆ.

ಮಾವನ ಶಾಸ್ತ್ರ ಇನ್ನೂ ಸೂಕ್ಷ್ಮ. ಟೈರ್ ಸವೆದರೆ ಅದರ ಸುತ್ತಳತೆ ಚೂರು ಕಡಿಮೆಯಾಗುತ್ತದೆ. ಅಷ್ಟೇ ದಾರಿಗೆ ಜಾಸ್ತಿ ಸುತ್ತು. ಮೀಟರ್ ಎಣಿಸುವುದು ಸುತ್ತನ್ನು. ಅಲ್ಲಿಗೆ ಮೀಟರಿನಲ್ಲಿ ಕಿಲೋಮೀಟರ್ ಜಾಸ್ತಿ, ಕಾಗದದ ಮೇಲೆ ಮೈಲೇಜೂ ಜಾಸ್ತಿ. ಸುಮ್ನೆ ಮಾತಿಗೆ ಇದನ್ನು ಹೇಳಿದವನು ನಾನೇ. ಅವತ್ತಿನಿಂದ ಹೊಸ ಟೈರಿನ ಮಾತೆತ್ತಿದರೆ, "ಮೈಲೇಜ್ ಬಿದ್ದೋಗುತ್ತೆ, ಸುಮ್ನಿರು" ಅನ್ನುತ್ತಾರೆ.

ಗಾಡಿ ಕಂಪನಿಯವರು ತೋರಿಸುವ ಪ್ರಮಾಣಪತ್ರದ ಮೈಲೇಜ್ ಕಥೆ ಬೇರೆ. ಅಲ್ಲಿ ಚಕ್ರ ತಿರುಗುವುದು ಲ್ಯಾಬಿನ ರೋಲರ್ ಮೇಲೆ. ಯಾವ ಸೆಕೆಂಡಿಗೆ ಎಷ್ಟು ವೇಗ ಅನ್ನುವುದೂ ಮೊದಲೇ ನಿಗದಿ. ಅಲ್ಲಿ ಘಾಟಿ ಇಲ್ಲ, ಹಾರುವ ಟಾರ್ಪಾಲು ಇಲ್ಲ. ನಮ್ಮ ಟಾರ್ಪಾಲನ್ನು ನೀವು ನೋಡಬೇಕು. ಹಗ್ಗ ಸಡಿಲಾದರೆ ಗಾಳಿ ತುಂಬಿಕೊಂಡು ಕ್ಯಾಬಿನ್ನಿಗಿಂತ ಮೇಲೆ ಉಬ್ಬುತ್ತದೆ. 50ರ ವೇಗವನ್ನು 80ಕ್ಕೆ ಏರಿಸಿದರೆ ಗಾಳಿಯ ತಡೆ ಎರಡೂವರೆ ಪಟ್ಟು ಆಗುತ್ತದೆ. ಡ್ರೈವರ್ ಮಾತ್ರ ಬೇಗ ತಲುಪಿದರೆ ಇಂಜಿನ್ ಕಡಿಮೆ ಹೊತ್ತು ಓಡುತ್ತಲ್ವಾ ಅನ್ನುತ್ತಾನೆ.

ಮೊನ್ನೆ ಗಾಡಿ ಕೊಡುವ ಮಾತು ಬಂತು. ನೋಡಲು ಅರಕಲಗೂಡು ಕಡೆಯ ಹಿರಿಯರೊಬ್ಬರು ಬಂದರು. ಪ್ರಶ್ನೆ ಅದೇ. ಮಾವ ಕಣ್ಣು ಮಿಟುಕಿಸದೆ 18 ಅಂದರು. ಅವರು ಡ್ರೈವರನ್ನು ಕೇಳಿದರು. ಅವನು ಮಾವನ ಮುಖ ನೋಡಿ, "ಯಾವ ಲೆಕ್ಕ ಹೇಳ್ಲಿ ಗೌಡ್ರೆ?" ಅಂದ. ಹಿರಿಯರು ಏನೂ ಅನ್ನಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಿಂದಿನ ಟೈರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಆ ಹದಿನೆಂಟ್ರಲ್ಲಿ ಅರ್ಧ ಕಿಲೋಮೀಟರ್ ಟೈರ್‌ದು, ಐದೂವರೆ ಘಾಟಿದು. ಉಳಿದಿದ್ದಕ್ಕೆ ರೇಟ್ ಹೇಳಿ."