ಮರಿ ಹೊತ್ತ ಕರಡಿ ಮತ್ತು ನಮ್ಮ ಕಾಜು ತೋಟದವರು

ಎರಡು ವಾರದಿಂದ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ಗೋವಾದ ಸತ್ತರಿ ತಾಲ್ಲೂಕಿನ ಕಾಜು ತೋಟ. ನಮ್ಮ ಕಡೆಯ ಹೆಂಗಸೊಬ್ಬರ ತಲೆಗೆ ಬಟ್ಟೆ ಸುತ್ತಿ ಜೀಪಿಗೆ ಹತ್ತಿಸುತ್ತಿದ್ದಾರೆ. ಕೆಳಗೆ ಯಾರೋ ಬರೆದಿದ್ದಾರೆ: "ಹುಚ್ಚು ಕರಡಿ. ಗುಂಡು ಹೊಡೆದು ಸಾಯಿಸಬೇಕು."

ಹೋದ ಭಾನುವಾರ ಅವರನ್ನು ನೋಡಿಕೊಂಡು ಬಂದೆ. ಯಾದಗಿರಿ ಕಡೆಯವರು. ಮೊದಲು ನಮ್ಮ ಫೋಂಡಾದಲ್ಲೇ ಕಟ್ಟಡದ ಕೆಲಸಕ್ಕಿದ್ದರು, ಆಗಿನ ಪರಿಚಯ. ನೆತ್ತಿಯಿಂದ ಕಿವಿಯವರೆಗೆ ಹೊಲಿಗೆ ಹಾಕಿದ್ದಾರೆ. ಒಂದು ಕಣ್ಣು ಇನ್ನೂ ಬಾತುಕೊಂಡಿದೆ. ವಿಡಿಯೋ ವಿಷಯ ತೆಗೆದಾಗ ಅವರು ಹೇಳಿದ್ದು ಇಷ್ಟು: "ಹುಚ್ಚಲ್ರೀ ಅಕ್ಕಾರ. ಅದರ ಬೆನ್ನ ಮ್ಯಾಲ ಎರಡು ಮರಿ ಇದ್ದುವು. ಕತ್ತಲ್ದಾಗ ನಾನ ಅದರ ಬಾಜೂಕ ಹೋಗಿದ್ದೆ."

ಅಷ್ಟು ನೋವಿನಲ್ಲೂ ಕಂಡದ್ದನ್ನು ಕಂಡ ಹಾಗೇ ಹೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೂಡ್ಲಿಗಿ ಕಡೆಯವಳು. ಕರಡಿ ನನಗೆ ಹೊಸದಲ್ಲ. ಶೇಂಗಾ ಕೀಳುವ ಕಾಲಕ್ಕೆ ಗುಡ್ಡ ಇಳಿದು ಹೊಲಕ್ಕೆ ಬರುತ್ತಿದ್ದವು. ಅಪ್ಪ ಬೆಳಗಿನ ಜಾವ ಹೊಲಕ್ಕೆ ಹೋಗುವಾಗ ದಾರಿಯುದ್ದಕ್ಕೂ ಸುಮ್ನೆ ಕೆಮ್ಮುತ್ತಾ, ಒಬ್ಬರೇ ಜೋರಾಗಿ ಮಾತಾಡುತ್ತಾ ಹೋಗುತ್ತಿದ್ದರು. ಯಾಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಕರಡಿಗೆ ಮುಖ್ಯ ಊಟ ಗೆದ್ದಲು, ಇರುವೆ. ಅದರ ಮೈಯೇ ಆ ಊಟಕ್ಕೆ ಹೊಂದಿಕೊಂಡಿದೆ. ಮೇಲ್ದವಡೆಯ ನಡುವಿನ ಎರಡು ಮುಂಬಲ್ಲು ಅದಕ್ಕೆ ಇಲ್ಲವೇ ಇಲ್ಲ. ಉದ್ದ ಉಗುರಿನಿಂದ ಹುತ್ತ ಬಗೆಯುತ್ತದೆ. ಉಫ್ ಎಂದು ಮಣ್ಣು ಊದುತ್ತದೆ. ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆ ಮಾಡಿ, ಆ ಹಲ್ಲಿನ ಸಂದಿಯಿಂದ ಗೆದ್ದಲನ್ನು ಒಳಗೆಳೆಯುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಈ ಉಗುರು, ಈ ಹಲ್ಲು ನೋಡಿಯೇ 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಇದನ್ನು ಅಮೆರಿಕದಲ್ಲಿ ಮರಕ್ಕೆ ಜೋತುಬೀಳುವ ಸ್ಲಾತ್ ಎಂಬ ಪ್ರಾಣಿಯ ಬಳಗಕ್ಕೆ ಸೇರಿಸಿಬಿಟ್ಟ. ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಎಂಬ ಹೆಸರು ಹಾಗೇ ಉಳಿದುಕೊಂಡಿತು. ಇಂಗ್ಲಿಷಿನಲ್ಲಿ ಸ್ಲಾತ್ ಅಂದರೆ ಸೋಮಾರಿತನ ಅಂತಲೂ ಅರ್ಥ, ಆದರೆ ಸೋಮಾರಿತನಕ್ಕೂ ಈ ಕರಡಿಗೂ ಸಂಬಂಧವಿಲ್ಲ. ಹಿಮದ ನಾಡಿನ ಕರಡಿಗಳ ಹಾಗೆ ತಿಂಗಳುಗಟ್ಟಲೆ ಮಲಗುವುದೂ ಇಲ್ಲ.

ಈಗ ಯೋಚಿಸಿ. ಮುಖ ಮಣ್ಣಿನೊಳಗೆ. ಕಿವಿ ತುಂಬ ತನ್ನದೇ ಸದ್ದು. ಕಣ್ಣು ಅಷ್ಟು ಚುರುಕಲ್ಲ. ಚುರುಕಾದ ಮೂಗನ್ನು ಆ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ. ನಾವು ಸದ್ದಿಲ್ಲದೆ ತೀರಾ ಹತ್ತಿರ ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ತಲೆ ಎತ್ತಿದರೆ ಎದುರಿಗೇ ಮನುಷ್ಯ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತೀವಲ್ವಾ, ಇಲ್ಲಿ ಕರಡಿ ತನ್ನ ಪಾಡಿಗೆ ಕೂತಿತ್ತು, ನಡುವೆ ಹೋದದ್ದು ನಾವು.

ಇನ್ನು ಮರಿಗಳ ಮಾತು. ಹೆಣ್ಣು ಕರಡಿ ಚಳಿಗಾಲದಲ್ಲಿ, ಜಾಸ್ತಿ ಡಿಸೆಂಬರ್ ಆಸುಪಾಸಿನಲ್ಲಿ, ಬಂಡೆಯ ಪೊಟರೆಯೊಳಗೆ ಒಂದೋ ಎರಡೋ ಮರಿ ಹಾಕುತ್ತದೆ. ಎರಡು ಮೂರು ತಿಂಗಳಾದ ಮೇಲೆ ಅವು ಹೊರಗೆ ಬರುತ್ತವೆ. ಆಮೇಲೂ ತಿಂಗಳುಗಟ್ಟಲೆ ಅವ್ವನ ಬೆನ್ನ ಮೇಲಿನ ಒರಟು ಕೂದಲು ಹಿಡಿದು ಸವಾರಿ. ಮರಿಯನ್ನು ಹೀಗೆ ಸದಾ ಬೆನ್ನ ಮೇಲೆ ಹೊತ್ತು ತಿರುಗುವ ಕರಡಿ ಇದೊಂದೇ. ಇದು ಹುಲಿ, ಚಿರತೆಗಳ ನಡುವೆ ಬಾಳಿ ಬಂದ ಪ್ರಾಣಿ. ಮರಿಯನ್ನು ಮರ ಹತ್ತಿಸಿದರೆ ಚಿರತೆ ಅಲ್ಲಿಗೂ ಬರುತ್ತದೆ. ಹಾಗಾಗಿ ತಾಯಿ ಓಡುವುದಿಲ್ಲ, ನಿಂತು ಎದುರಿಸುತ್ತದೆ.

ಮರಿಗಳು ಹೊರಗೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಗೋವಾದಲ್ಲಿ ಕಾಜು ಕೊಯ್ಲು ಶುರುವಾಗುವುದೂ ಆಗಲೇ. ಮೇ ತನಕ ನಮ್ಮ ಜನ ತೋಟಗಳಲ್ಲಿ ಇರುತ್ತಾರೆ. ಬಿದ್ದ ಹಣ್ಣನ್ನು ಬಗ್ಗಿ ಆರಿಸುವ ಕೆಲಸ, ಅದೂ ಬೆಳಕು ಹರಿಯುವ ಮೊದಲೇ. ತೋಟದ ಬೆನ್ನಿಗೇ ಮಹದಾಯಿ ಅಭಯಾರಣ್ಯ, ಅದರ ಆಚೆ ನಮ್ಮ ಖಾನಾಪುರದ ಭೀಮಗಡ. ಕರಡಿಗೆ ಇದೆಲ್ಲ ಒಂದೇ ಕಾಡು. 2023ರ ಮಾರ್ಚಿನಲ್ಲಿ ಮಹದಾಯಿ ಕಾಡಿಗೆ ಬೆಂಕಿ ಬಿದ್ದದ್ದು ಇಲ್ಲಿರುವವರಿಗೆಲ್ಲ ನೆನಪಿದೆ. ಬೆಟ್ಟಗಳು ರಾತ್ರಿಯಿಡೀ ಉರಿದವು. ಆ ಬೆಟ್ಟದಲ್ಲಿದ್ದ ಪ್ರಾಣಿಗಳು ಎಲ್ಲಿಗೆ ಹೋಗಬೇಕು ಹೇಳಿ.

ಆದರೆ ನನಗೆ ಜಾಸ್ತಿ ಸಂಕಟ ಆಗಿದ್ದು ಬೇರೆ ವಿಷಯಕ್ಕೆ. ಆಕೆ ನಾಲ್ಕೂವರೆಗೆ ಒಬ್ಬರೇ ಆ ಕಡೆ ಹೋಗಿದ್ದು ಕೆಲಸಕ್ಕಲ್ಲ. ಬಹಿರ್ದೆಸೆಗೆ. ಹನ್ನೆರಡು ಜನ ಇರುವ ಆ ಶೆಡ್ಡಿಗೆ ಕಕ್ಕಸಿಲ್ಲ, ದೀಪವಿಲ್ಲ. ಗಂಡಸರು ಏಳುವ ಮೊದಲು ಹೆಂಗಸರು ಪೊದೆ ಹುಡುಕಿಕೊಂಡು, ಸದ್ದು ಮಾಡದೆ ಹೋಗಿಬರಬೇಕು. ಕರಡಿಯನ್ನು ಬೆಚ್ಚಿಬೀಳಿಸಲು ಇದಕ್ಕಿಂತ ಕೆಟ್ಟ ದಾರಿ ಇಲ್ಲ. ಗುಂಡಿಟ್ಟು ಕೊಂದರೆ ಎರಡು ಎಳೆಮರಿ ಹಸಿವಿನಿಂದ ಸಾಯುತ್ತವೆ. ಶೆಡ್ಡಿಗೆ ಕಕ್ಕಸು ಬರುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬ ಹೆಂಗಸು ಅದೇ ಪೊದೆಗೆ ಹೋಗುತ್ತಾಳೆ.

ಒಬ್ಬರು ಕಾಮೆಂಟಿನಲ್ಲಿ, "ಹಿಂದೆ ಮೂಗುದಾರ ಹಾಕಿ ಕುಣಿಸ್ತಿದ್ರು, ಆಗ ಸರಿಯಾಗಿತ್ತು" ಅಂತ ಬರೆದಿದ್ದಾರೆ. ಅಣ್ಣಾ, ಆ ಕರಡಿಗಳನ್ನು ನಾನೂ ನೋಡಿದ್ದೇನೆ. ಭಯ ಹೋಗಲಿ ಅಂತ ನನ್ನನ್ನೂ ಕರಡಿಯ ಮೇಲೆ ಕೂರಿಸಿದ್ದರು, ಅದರ ಕೂದಲಿನ ತಾಯಿತ ಕಟ್ಟಿದ್ದರು. ಮರಿ ಇದ್ದಾಗಲೇ ಕಾದ ಸೂಜಿಯಿಂದ ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಕೋರೆಹಲ್ಲು ಮುರಿಯುತ್ತಿದ್ದರು. ಅವನ್ನು ಬಿಡಿಸಿ ಆಗ್ರಾ, ಬನ್ನೇರುಘಟ್ಟದ ಕೇಂದ್ರಗಳಿಗೆ ತಂದಾಗ ಎಷ್ಟೋ ಕರಡಿಗಳಿಗೆ ಕ್ಷಯ ಇತ್ತು. ನಮ್ಮ ಜನರ ನಡುವೆ ಬದುಕಿ ಹತ್ತಿಸಿಕೊಂಡ ಕಾಯಿಲೆ ಅದು. 2009ರ ಕೊನೆಗೆ ಆ ಆಟ ಬಹುಮಟ್ಟಿಗೆ ನಿಂತಿತು. ಅದು ಮತ್ತೆ ಬರುವುದು ಬೇಡ.

ತೋಟದಲ್ಲಿ ನಿಮ್ಮವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ ಹೇಳಿ. ಬೆಳಕಾದ ಮೇಲೆ ಹೋಗಿ, ಇಬ್ಬರು ಮೂವರು ಸೇರಿ ಹೋಗಿ, ಜೋರಾಗಿ ಮಾತಾಡುತ್ತಾ ಹೋಗಿ. ಪೊದೆಯೊಳಗಿಂದ ಊದುವ, ಹೀರುವ ಸದ್ದು ಕೇಳಿದರೆ ಅಲ್ಲಿಂದಲೇ ಮೆಲ್ಲಗೆ ಹಿಂದೆ ಸರಿಯಿರಿ. ನಾಯಿ ಕರೆದುಕೊಂಡು ಹೋಗಬೇಡಿ, ಅದು ಬೊಗಳಿ ಕೆರಳಿಸಿ, ಹೆದರಿ ನಿಮ್ಮ ಹತ್ತಿರಕ್ಕೇ ಓಡಿ ಬರುತ್ತದೆ. ಗಾಯವಾದರೆ ಹೊಲಿಗೆಯ ಜೊತೆ ರೇಬೀಸ್ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಿ.

ತೋಟ ಗುತ್ತಿಗೆ ಹಿಡಿಯುವವರಲ್ಲೂ ನಮ್ಮ ಕನ್ನಡದವರು ಇದ್ದೀರಿ. ನಾಲ್ಕು ತಗಡು, ಒಂದು ಗುಂಡಿ, ಒಂದು ಸೋಲಾರ್ ದೀಪ. ನಾವು ಫೋಂಡಾದ ಆರು ಜನ ಹೆಂಗಸರು ದುಡ್ಡು ಸೇರಿಸುತ್ತಿದ್ದೇವೆ. ಬರುವ ಭಾನುವಾರ ಸತ್ತರಿಯ ವಾಳ್ಪಯಿಗೆ ಹೋಗಿ ಆ ಶೆಡ್ಡಿನಿಂದಲೇ ಶುರು ಮಾಡುತ್ತೇವೆ. ಗುಂಡಿ ತೋಡಲು ಗಂಡಾಳು ಬೇಕು. ಬರುವವರು ಕೆಳಗೆ ಹೆಸರು ಬರೆಯಿರಿ.