ಎಂಬತ್ತನೇ ವಯಸ್ಸಿನ ಬಿಲ್ಲನ್ನು ಈಗಲೇ ಕೇಳಿ

ಹಾಸನದಲ್ಲಿ ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದ ಕಡೆ ಈಗ ಈ ಮಾತು ಬಂದೇ ಬರುತ್ತದೆ. ಮಹಾರಾಜ ಪಾರ್ಕಿನ ಬೆಂಚಿರಲಿ, ಮದುವೆಮನೆ ಊಟದ ಪಂಕ್ತಿಯಿರಲಿ, ಯಾರಾದರೂ ಒಬ್ಬರು ಫೋನ್ ತೆಗೆದು ಬಣ್ಣಬಣ್ಣದ ಬ್ರೋಷರ್ ತೋರಿಸುತ್ತಾರೆ. ನಿವೃತ್ತರಿಗೇ ಅಂತ ಕಟ್ಟಿದ ಮನೆಗಳು, ಮೂರು ಹೊತ್ತು ಊಟ, ವಾರಕ್ಕೊಮ್ಮೆ ಡಾಕ್ಟರು, ವಾಕಿಂಗ್ ಟ್ರ್ಯಾಕ್, ಒಂದು ಗಣಪತಿ ಗುಡಿ. ಕೆಳಗೆ ದಪ್ಪಕ್ಷರದಲ್ಲಿ "ಕೈಗೆಟುಕುವ ದರದಲ್ಲಿ". ನೀವೇನಂತೀರಾ ಮೇಡಂ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಇದರ ಪರ. ಆದರೆ ಇರುವ ಮನೆ ಮಾರಿ ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಬ್ರೋಷರಿನ ಮೊದಲ ಪುಟದ ಮೊತ್ತ ನೋಡಿ ಹೋಗುವುದಕ್ಕಂತೂ ಇಲ್ಲವೇ ಇಲ್ಲ.

ಕೈಯಲ್ಲಿ ಏನೂ ಇಲ್ಲದ ಹಿರಿಯರಿಗೆ ಸರ್ಕಾರ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಮಾಡಬಹುದು, ಅದರಲ್ಲಿ ಕನಿಷ್ಠ 150 ಜನಕ್ಕೆ ಜಾಗ ಇರಬೇಕು ಅಂತ 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ದುಡ್ಡಿದ್ದವರಿಗೆ ಬೆಂಗಳೂರು, ಕೊಯಮತ್ತೂರಿನ ಕಡೆ ಹೋಟೆಲಿನಂಥ ವ್ಯವಸ್ಥೆಗಳಿವೆ. ಮಧ್ಯದಲ್ಲಿ ಸಿಕ್ಕಿಕೊಂಡವರು ನಾವು. ಮೇಷ್ಟ್ರು, ಬ್ಯಾಂಕ್ ಕ್ಲರ್ಕು, ಕೆಇಬಿಯವರು, ಕೆಎಸ್‌ಆರ್‌ಟಿಸಿಯವರು. ಒಂದು ಪಿಂಚಣಿ, ಮೂವತ್ತು ನಲವತ್ತು ಅಡಿಯ ಸೈಟಿನಲ್ಲಿ ಒಂದು ಮನೆ, ಬೆಂಗಳೂರಿನಲ್ಲೋ ಅಮೆರಿಕಾದಲ್ಲೋ ಮಕ್ಕಳು. ಈ ಬ್ರೋಷರುಗಳು ಗುರಿ ಇಟ್ಟಿರುವುದು ನಮ್ಮ ಮೇಲೇ.

ಇಂಥ ಮನೆಗೆ ಹೋಗುವುದರಿಂದ ಆಗುವ ಅತಿ ದೊಡ್ಡ ಲಾಭ ಗಂಡಸರ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ. ನಾನು ಹೈಸ್ಕೂಲಿನಿಂದ ನಿವೃತ್ತಳಾದಾಗ ಹಾರ ಹಾಕಿದರು, ಶಾಲು ಹೊದಿಸಿದರು, ಭಾಷಣ ಮಾಡಿದರು. ಅಡುಗೆಮನೆಯಿಂದ ಮಾತ್ರ ಯಾರೂ ನನ್ನನ್ನು ಬೀಳ್ಕೊಡಲಿಲ್ಲ. ನಮ್ಮ ಯಜಮಾನರು ಬ್ಯಾಂಕಿನಿಂದ ಬಂದು ಆರಾಮಾಗಿ ಪೇಪರ್ ಓದುತ್ತಾರೆ, ನನ್ನದು ಬೆಳಿಗ್ಗೆ ಕಾಫಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಹಿಂದೆ ಹೇಗಿತ್ತೋ ಹಾಗೇ ಇದೆ. "ಇಬ್ರಿಗೆ ತಾನೇ, ಎಷ್ಟು ಮಹಾ ಕೆಲಸ" ಅನ್ನುತ್ತಾರೆ. ಇಬ್ಬರಿಗಾದರೂ ಮುದ್ದೆ ತಿರುವುವ ಕೈ ಒಂದೇ, ಸ್ವಾಮಿ. ಆ ಕೈಯ ಮಣಿಕಟ್ಟು ಈಗ ನೋಯುತ್ತದೆ. ಅಡುಗೆಯವರನ್ನು ಇಟ್ಟುಕೊಳ್ಳೋಣ ಅಂದರೆ ಬರುವವರೇ ಇಲ್ಲ, ಬಂದರೂ ಹಬ್ಬದ ಹಿಂದಿನ ದಿನ ರಜಾ. ಹಾಗಾಗಿ ಯಾರೋ ಮಾಡಿದ ಸಾಧಾರಣ ಸಾರು ಹೊತ್ತಿಗೆ ಸರಿಯಾಗಿ ತಟ್ಟೆಗೆ ಬರುತ್ತದೆ ಅನ್ನುವುದೊಂದಕ್ಕೇ ನಾನು ಅರ್ಧ ಒಪ್ಪಿಬಿಟ್ಟಿದ್ದೇನೆ. ಯಜಮಾನರಿಗೆ ಈ ಮನೆ ಬಿಡಲು ಮನಸ್ಸಿಲ್ಲ ಅಂದರೆ ನನಗೆ ಅರ್ಥವಾಗುತ್ತದೆ. ಅವರು ಬಿಡಬೇಕಾಗಿರುವುದು ವರಾಂಡ, ನಾನು ಬಿಡುವುದು ಒಲೆ!

ಉಳಿದ ಲಾಭಗಳು ಎಲ್ಲರಿಗೂ ಗೊತ್ತಿರುವವೇ. ಸಂಪು ತೊಳೆಸುವುದು, ಸೋರುವ ತಾರಸಿ, ಕೋತಿ ಕಿತ್ತು ಹಾಕಿದ ಡಿಶ್, ಇವೆಲ್ಲ ಬೇರೆಯವರ ತಲೆನೋವಾಗುತ್ತವೆ. ಒಬ್ಬರೇ ಇರುವ ಹೆಂಗಸರಿಗೆ ರಾತ್ರಿ ಪಕ್ಕದಲ್ಲಿ ಜನ ಇದ್ದಾರೆ ಅನ್ನುವ ಧೈರ್ಯ. ಬೀಗ ಹಾಕಿ ಮಗಳ ಮನೆಗೆ ಹೋದರೆ ಕಳ್ಳರ ಭಯ ಇಲ್ಲ.

ಈಗ ದುಡ್ಡಿಗೆ ಬರೋಣ. ಇಲ್ಲೇ ಎಲ್ಲರೂ ಎಡವುವುದು. ಸಾಮಾನ್ಯವಾಗಿ ಮೂರು ಬಗೆ: ಮನೆ ಕೊಂಡುಕೊಳ್ಳುವುದು, ದೊಡ್ಡ ಡಿಪಾಸಿಟ್ ಇಟ್ಟು ಇರುವುದು, ಬರೀ ತಿಂಗಳ ಬಾಡಿಗೆಗೆ ಇರುವುದು. ಕೊಂಡುಕೊಂಡರೆ ಮಕ್ಕಳಿಗೆ ಆಸ್ತಿ ಆಗುತ್ತದೆ ಅನ್ನುತ್ತಾರೆ. ಆಗುತ್ತದೆ, ಆದರೆ ಎಷ್ಟೋ ಕಡೆ ಐವತ್ತೈದೋ ಅರವತ್ತೋ ದಾಟದೆ ಮಕ್ಕಳು ಅಲ್ಲಿ ವಾಸ ಮಾಡುವ ಹಾಗಿಲ್ಲ, ಮಾರಿದರೂ ವಯಸ್ಸಾದವರಿಗೇ ಮಾರಬೇಕು. ಅಂಥ ಗಿರಾಕಿ ಬೇಗ ಸಿಗುವುದಿಲ್ಲ. ಹೊಸದಾಗಿ ಕಟ್ಟುತ್ತಿರುವುದಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ ನಂಬರ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಡಿಪಾಸಿಟ್ಟಿನದು ನೋಡಲು ನಮ್ಮ ಭೋಗ್ಯದ ಹಾಗೇ ಕಾಣುತ್ತದೆ. ದುಡ್ಡು ಇಟ್ಟಿರುತ್ತೀರಿ, ಬಿಟ್ಟು ಹೋಗುವಾಗ ವಾಪಸ್ ಕೊಡುತ್ತಾರೆ. ಹಾಗಂತ ಭೋಗ್ಯ ಅಂದುಕೊಂಡು ಸಹಿ ಹಾಕಿದರೆ ಕಷ್ಟ. ಭೋಗ್ಯದಲ್ಲಿ ತಿಂಗಳ ಬಾಡಿಗೆ ಇರುವುದಿಲ್ಲ, ಪೂರ್ತಿ ದುಡ್ಡು ಕೈಗೆ ಬರುತ್ತದೆ. ಇಲ್ಲಿ ತಿಂಗಳ ಚಾರ್ಜು ಬೇರೆ, ಜೊತೆಗೆ ಡಿಪಾಸಿಟ್ಟಿನಲ್ಲಿ ವರ್ಷಕ್ಕಿಷ್ಟು ಅಂತ ಮುರಿದುಕೊಳ್ಳುವವರೂ ಇದ್ದಾರೆ. ಉಳಿದದ್ದು ಯಾವಾಗ ವಾಪಸ್ ಅಂದರೆ "ನಿಮ್ಮ ಜಾಗಕ್ಕೆ ಬೇರೆಯವರು ಬಂದ ಮೇಲೆ" ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅವರು ಬರಲಿಲ್ಲ ಅಂದರೆ? ನಾವು ಹೋಗಿ ನೋಡಿದ ಒಂದು ಕಡೆ ಇದನ್ನು ಕೇಳಿದ್ದಕ್ಕೆ ಜಾಗ ತೋರಿಸುತ್ತಿದ್ದ ಹುಡುಗ "ಹಾಗೆಲ್ಲ ಆಗಲ್ಲ ಆಂಟಿ" ಅಂದ. ಅವನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಇಪ್ಪತ್ತೈದು ಇರಬೇಕು. ಇನ್ನೊಂದು, ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಲಕ್ಷಗಟ್ಟಲೆ ದುಡ್ಡು ಇಸಿದುಕೊಂಡು ಹನ್ನೊಂದು ತಿಂಗಳ ಅಗ್ರಿಮೆಂಟ್ ಕೊಡಲು ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇದೆಲ್ಲಕ್ಕಿಂತ ನನಗೆ ಹೆದರಿಕೆ ಇರುವುದು ತಿಂಗಳ ಚಾರ್ಜಿನ ಬಗ್ಗೆ. ಲೆಕ್ಕಕ್ಕೆ ಇಬ್ಬರಿಗೂ ಸೇರಿ 30,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಶೇ. 7ರಷ್ಟು ಏರಿದರೆ ಹತ್ತು ವರ್ಷಕ್ಕೆ ಹತ್ತಿರ ಹತ್ತಿರ 60,000 ಆಗುತ್ತದೆ, ಇಪ್ಪತ್ತು ವರ್ಷಕ್ಕೆ ಲಕ್ಷ ದಾಟುತ್ತದೆ. ಅರವತ್ತೈದಕ್ಕೆ ಸೇರಿದವರಿಗೆ ಎಂಬತ್ತೈದಕ್ಕೆ ಆ ಬಿಲ್ಲು ಬರುತ್ತದೆ. ನಮ್ಮ ಕಡೆ ಏನಿದೆ? ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಹೆಚ್ಚೆಂದರೆ 30 ಲಕ್ಷ ಇಡಬಹುದು. ಶೇ. 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 20,500. ಅದು ಐದು ವರ್ಷವೂ ಅಷ್ಟೇ, ಒಂದು ಪೈಸೆ ಏರುವುದಿಲ್ಲ. ಹಳೇ ಸರ್ಕಾರಿ ಪಿಂಚಣಿಯವರಿಗೆ ತುಟ್ಟಿಭತ್ಯೆ ಏರುತ್ತದೆ, ಅವರ ಪುಣ್ಯ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿ ಹೊಸ ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಬಿದ್ದವರಿಗೆ ಆ ಭರವಸೆ ಇಲ್ಲ. ಖಾಸಗಿ ಕಂಪನಿಯಲ್ಲಿ ದುಡಿದವರಿಗೆ ಪಿಎಫ್ ಕಡೆಯಿಂದ ಬರುವ ಇಪಿಎಸ್ ಪಿಂಚಣಿಯ ಮಾತು ಬಿಡಿ, 2014ರಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಅಂತ ಮಾಡಿದ್ದೇ ದೊಡ್ಡ ಸುದ್ದಿಯಾಗಿತ್ತು.

ಇದರಲ್ಲಿ ಇನ್ನೊಂದು ಗಂಟಿದೆ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತೇವೆ, ಅಲ್ವಾ. ಆಗ ಉಳಿದವರಿಗೆ ಬರುವುದು ಕುಟುಂಬ ಪಿಂಚಣಿ, ಅದು ಪೂರ್ತಿ ಪಿಂಚಣಿಗಿಂತ ಬಹಳ ಕಡಿಮೆ. ಆದರೆ ಅಲ್ಲಿನ ಚಾರ್ಜು ಅರ್ಧಕ್ಕೆ ಇಳಿಯುವುದಿಲ್ಲ. ಊಟದ ದುಡ್ಡು ಅರ್ಧವಾಗಬಹುದು, ಮನೆಯ ಚಾರ್ಜು ಹಾಗೇ ಇರುತ್ತದೆ. ಹಾಗಾಗಿ "ಇಬ್ಬರಿಗೆ ಎಷ್ಟು" ಅಂತ ಕೇಳಿ ಬರಬೇಡಿ, "ಒಬ್ಬರಾದ ಮೇಲೆ ಎಷ್ಟು" ಅಂತಲೂ ಕೇಳಿ. ಕೇಳಲು ಬಾಯಿ ಬರುವುದಿಲ್ಲ, ಗಂಡನ ಪಕ್ಕ ಕೂತು ಕೇಳುವುದಂತೂ ಇನ್ನೂ ಕಷ್ಟ, ಆದರೂ ಕೇಳಿ. ಹಾಗೇ ಹೇಳಿದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿಬಿಡಿ.

ಕಾಯಿಲೆ ಬಿದ್ದರೆ ಏನು ಗತಿ ಅನ್ನುವುದು ಬ್ರೋಷರಿನಲ್ಲಿ ಇರುವುದೇ ಇಲ್ಲ. ಫೋಟೋದಲ್ಲಿ ಇರುವವರೆಲ್ಲ ಬಿಳಿ ಕೂದಲು, ಬಿಳಿ ಶೂ, ಕೈಯಲ್ಲಿ ಶಟಲ್ ಬ್ಯಾಟು. ಕಡಿಮೆ ದರದ ಜಾಗಗಳು ದರ ಕಡಿಮೆ ಇಡುವುದೇ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಇಟ್ಟುಕೊಂಡು. ಸೊಂಟದ ಮೂಳೆ ಮುರಿಯಿತು, ಪಾರ್ಶ್ವವಾಯು ಆಯಿತು, ಮರೆವಿನ ಕಾಯಿಲೆ ಶುರುವಾಯಿತು ಅಂದರೆ ನೋಡಿಕೊಳ್ಳಲು ಆಳು ನೀವೇ ಇಟ್ಟುಕೊಳ್ಳಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು. ಹಗಲಿಗೊಬ್ಬರು ರಾತ್ರಿಗೊಬ್ಬರು ಅಂತ ಇಟ್ಟವರನ್ನು ಕೇಳಿ ನೋಡಿ, ಅದರ ಖರ್ಚಿನ ಮುಂದೆ ತಿಂಗಳ ಚಾರ್ಜು ಏನೂ ಅಲ್ಲ. ಅಂದರೆ ಯಾವ ದಿನಕ್ಕೆ ಅಂತ ನಾವು ಅಲ್ಲಿಗೆ ಹೋಗುತ್ತೇವೋ ಆ ದಿನ ಬಂದಾಗಲೇ ಅವರು ಕೈಬಿಡಬಹುದು. ಇದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ, ಆ ದುಡ್ಡಿಗೆ ನರ್ಸಿಂಗ್ ಕೊಡಲು ಯಾರಿಂದಲೂ ಆಗುವುದಿಲ್ಲ. ಆದರೆ ಮೊದಲೇ ಬರೆದುಕೊಡಿ ಅನ್ನಬಹುದು. ಹಾಸಿಗೆ ಹಿಡಿದರೆ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಆಮೇಲೆ ಎಲ್ಲಿಗೆ ಕಳಿಸುತ್ತೀರಿ, ರಾತ್ರಿ ಎರಡು ಗಂಟೆಗೆ ಗಂಟೆ ಒತ್ತಿದರೆ ಬರುವುದು ನರ್ಸಾ ವಾಚ್‌ಮನ್ನಾ.

ಜಾಗದ ವಿಷಯಕ್ಕೆ ಬಂದರೆ, ಮೂಡಿಗೆರೆ ಸಕಲೇಶಪುರದ ಕಡೆಯ ಜಾಹೀರಾತುಗಳನ್ನು ನೋಡಿ ಬೆಂಗಳೂರಿನವರು ಮರುಳಾಗುತ್ತಾರೆ. ಮಂಜು, ಕಾಫಿ ಹೂವಿನ ವಾಸನೆ, ಬಾಲ್ಕನಿಯಿಂದ ಗುಡ್ಡ. ನಾನು ಹುಟ್ಟಿದ್ದೇ ಮೂಡಿಗೆರೆ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಟ್ಟೆ ಒಣಗುವುದಿಲ್ಲ, ಉಬ್ಬಸದವರಿಗೆ ಉಸಿರು ಸಿಗುವುದಿಲ್ಲ, ಕರೆಂಟು ಹೋದರೆ ಯಾವಾಗ ಬಂದೀತು ಅಂತ ಗೊತ್ತಿಲ್ಲ. ಆನೆ ಬಂದಿದೆ ಅಂತ ಸುದ್ದಿಯಾದರೆ ವಾಕಿಂಗ್ ಟ್ರ್ಯಾಕಿಗೆ ಯಾರು ಇಳಿಯುತ್ತಾರೆ? ದೊಡ್ಡ ಕಾಯಿಲೆ ಅಂದರೆ ಹಾಸನಕ್ಕೆ ಬರಬೇಕು, ಇಲ್ಲಾ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಡುವ ಹೃದಯಜ್ಯೋತಿ ಯೋಜನೆ ಬಂದಿದೆ, ಒಳ್ಳೆಯದೇ. ಆದರೆ ಅದು ಕೆಲಸ ಮಾಡಬೇಕಾದರೆ ತೋಟದ ಒಳದಾರಿಯಿಂದ ಆಸ್ಪತ್ರೆಗೆ ಬೇಗ ಮುಟ್ಟಬೇಕು. ಅದಕ್ಕೇ ನನ್ನ ಓಟು ಹಾಸನ ಪಟ್ಟಣದ ಅಂಚಿಗೆ. ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆ ಹತ್ತಿರ ಇರುತ್ತದೆ, ಹವೆ ಹಿತ, 2017ರಲ್ಲಿ ಶ್ರವಣಬೆಳಗೊಳದ ಮೇಲಿನ ರೈಲು ಶುರುವಾದ ಮೇಲೆ ಬೆಂಗಳೂರಿನ ಮಕ್ಕಳಿಗೆ "ದೂರ ಆಗುತ್ತಮ್ಮಾ" ಅನ್ನಲೂ ಆಗುವುದಿಲ್ಲ.

ಊಟದ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಇಂಥ ಕಡೆ ಬಹಳಷ್ಟು ಸಸ್ಯಾಹಾರ ಮಾತ್ರ. ಕೆಲವೆಡೆ ರೂಮಿನಲ್ಲಿ ಮೊಟ್ಟೆ ಬೇಯಿಸುವ ಹಾಗೂ ಇಲ್ಲ. ಭಾನುವಾರ ಕೋಳಿ ಸಾರು ಮಾಡಿ ರೂಢಿಯಿರುವ ನಮ್ಮ ಹಾಸನದ ಮನೆಗಳವರು ಎಪ್ಪತ್ತರಲ್ಲಿ ಅದನ್ನು ಬಿಡಬೇಕಾ? ಡಾಕ್ಟರು ಬಿಡಿಸಿದರೆ ಬಿಡಬಹುದು, ಮೆಸ್ ಕಂಟ್ರಾಕ್ಟರು ಬಿಡಿಸಿದರೆ ಹೇಗೆ? ಪಿತೃಪಕ್ಷದಲ್ಲಿ ಎಡೆ ಇಡುವುದು ಎಲ್ಲಿ, ತೀರಿಕೊಂಡವರನ್ನು ಮಲಗಿಸುವುದು ಎಲ್ಲಿ, ನೆಂಟರು ಬಂದರೆ ಒಳಗೆ ಬಿಡುತ್ತಾರಾ? ಕೊನೇ ದರ್ಶನ ಗೇಟಿನ ಹತ್ತಿರ ಆಂಬುಲೆನ್ಸಿನಲ್ಲೇ ಮುಗಿಸಿ ಅನ್ನುವವರಿದ್ದಾರೆ. ಜೊತೆಗೆ ಅಲ್ಲಿರುವವರೆಲ್ಲ ಮುದುಕರೇ. ಒಂದು ಮಗು ಅಳುವ ಸದ್ದಿಲ್ಲ, ಇರುವ ಮಾತೆಲ್ಲ ಶುಗರ್ ಮಾತ್ರೆಯದ್ದು. ನನಗೆ ಇದು ತಡೆದುಕೊಳ್ಳಲು ಆಗುತ್ತದಾ ಅನ್ನುವುದು ಇದ್ದು ನೋಡಿದ ಮೇಲೇ ಗೊತ್ತಾಗಬೇಕು.

ಆಸ್ತಿಯ ಬಗ್ಗೆ ಚಿಕ್ಕದಾಗಿ ಒಂದು ಮಾತು. ನಾವು ಹೇಗೂ ಹೋಗ್ತಿದ್ದೀವಲ್ಲ ಅಂತ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟು ಹೊರಡುವವರು, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತಿದ್ದರೆ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಎಸಿ (ಅಸಿಸ್ಟೆಂಟ್ ಕಮಿಷನರ್) ಅವರ ಮುಂದೆ ಹೋಗಿ ರದ್ದು ಮಾಡಿಸಲು ದಾರಿಯಿದೆ. ಮಕ್ಕಳಿಗೆ ಬೇಜಾರಾಗಬಹುದು, ಆಗಲಿ.

ನಾವು ಮಾಡಬೇಕು ಅಂದುಕೊಂಡಿರುವುದು ಇಷ್ಟು. ಕುವೆಂಪು ನಗರದ ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತೇವೆ. ಬಾಡಿಗೆಯ ಮೇಲೆ ಸ್ವಲ್ಪ ಸೇರಿಸಿ ಆರು ತಿಂಗಳು, ಮಳೆಗಾಲ ಪೂರ್ತಿ ಸೇರುವ ಹಾಗೆ, ಡಿಪಾಸಿಟ್ ಇಲ್ಲದೆ ತಿಂಗಳ ಲೆಕ್ಕದಲ್ಲಿ ಇರಲು ಬಿಡುವ ಜಾಗ ಹುಡುಕುತ್ತಿದ್ದೇವೆ. ಯಜಮಾನರು ಒಂದೇ ಷರತ್ತು ಹಾಕಿದ್ದಾರೆ, ಭಾನುವಾರ ಮಾತ್ರ ಊರೊಳಗೆ ಬಂದು ಊಟ ಮಾಡುತ್ತಾರಂತೆ. ಒಪ್ಪಿದ್ದೇನೆ, ನಾನೂ ಜೊತೆಗೆ ಬರುತ್ತೇನೆ. ಹಾಸನ, ಚಿಕ್ಕಮಗಳೂರಿನ ಕಡೆ ಇಂಥ ಜಾಗದಲ್ಲಿ ಈಗಾಗಲೇ ಇರುವವರು, ಇದ್ದು ಬಿಟ್ಟುಬಂದವರು ಇದನ್ನು ಓದುತ್ತಿದ್ದರೆ ಎರಡು ವಿಷಯ ಬರೆಯಿರಿ: ಸೇರಿದಾಗಿನಿಂದ ಚಾರ್ಜು ವರ್ಷಕ್ಕೆಷ್ಟು ಏರಿತು, ಮತ್ತು ಬಿಟ್ಟವರಿಗೆ ಡಿಪಾಸಿಟ್ ಎಷ್ಟು ತಿಂಗಳಿಗೆ ಕೈಗೆ ಬಂತು. ಜಾಗದ ಹೆಸರು ಹಾಕಬೇಡಿ, ಸುಮ್ನೆ ಜಗಳ ಬೇಡ.